ಹಜಾರದ ಬೆಂಚಿನ ಮೇಲೆ ನಲವತ್ತು ಡಬ್ಬಿ

ಗೋಕುಲಾಷ್ಟಮಿಗೆ ಹದಿನೈದು ದಿನವಿದೆ ಎನ್ನುವಾಗ ನಮ್ಮ ಮನೆಯ ಹಜಾರದಲ್ಲಿ ಕೂರಲು ಜಾಗವಿರುತ್ತಿರಲಿಲ್ಲ. ಶಂಕರಪುರದ ಆ ಮನೆಗೆ ರಸ್ತೆಯಿಂದ ಮೂರು ಮೆಟ್ಟಿಲು, ಆಮೇಲೆ ಕಂಬಿ ಬಾಗಿಲು, ಒಳಗೆ ಕಾಲಿಟ್ಟರೆ ಎಡಗೋಡೆಯ ಉದ್ದಕ್ಕೂ ಒಂದು ತೇಗದ ಬೆಂಚು. ವರ್ಷದ ಬಾಕಿ ದಿನಗಳಲ್ಲಿ ಅಪ್ಪ ಅಲ್ಲಿ ಕೂತು ಷೂ ಬಿಚ್ಚುತ್ತಿದ್ದರು, ನಾನು ಬೋರಲು ಮಲಗಿ ಹೋಂವರ್ಕ್ ಮಾಡುತ್ತಿದ್ದೆ. ಆ ಹದಿನೈದು ದಿನ ಮಾತ್ರ ಅದು ಡಬ್ಬಿಗಳ ಸ್ವತ್ತು. ಸುತ್ತಲ ಬೀದಿಗಳ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಮನೆಯ ಖಾಲಿ ಸ್ಟೀಲ್ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ನನ್ನ ಕಮಲತ್ತೆಯ ಹತ್ತಿರ ಎರಡು ನಿಮಿಷ ಮಾತಾಡಿ ಹೋಗುತ್ತಿದ್ದರು. ಮೊದಲು ಬಂದವರದು ಬಾಗಿಲ ಪಕ್ಕ, ಆಮೇಲಿನವರದು ಅದರ ಪಕ್ಕ. ಬೆಂಚು ತುಂಬಿದ ಮೇಲೆ ಅದರ ಕೆಳಗೆ, ಅದೂ ತುಂಬಿದರೆ ಕಿಟಕಿಯ ಅಡಿ. ಚಕ್ಕುಲಿ, ಕೋಡುಬಳೆ, ತೇಂಗೊಳಲು, ಮುಚ್ಚೋರೆ ತುಂಬಿಕೊಂಡು ಆ ಡಬ್ಬಿ ಹಬ್ಬದ ದಿನ ಮನೆಗೆ ವಾಪಸಾಗಬೇಕು. ಚೀಟಿಯಿಲ್ಲ, ಪುಸ್ತಕವಿಲ್ಲ. ಡಬ್ಬಿ ಬಂದರೆ ಆರ್ಡರ್ ಬಂದ ಹಾಗೆ, ಡಬ್ಬಿ ಹೋದರೆ ಆರ್ಡರ್ ಮುಗಿದ ಹಾಗೆ. ದೇವರ ಮುಂದಿಡುವ ಐದೋ ಹತ್ತೋ ಚಕ್ಕುಲಿಯನ್ನು ಪ್ರತಿ ಮನೆಯವರೂ ಮಡಿಯಲ್ಲಿ ತಾವೇ ಕರಿದುಕೊಳ್ಳುತ್ತಿದ್ದರು. ಹಂಚುವುದಕ್ಕೆ, ತಿನ್ನುವುದಕ್ಕೆ, ನೆಂಟರ ಮುಂದೆ ತಟ್ಟೆ ತುಂಬ ಇಡುವುದಕ್ಕೆ ನಮ್ಮ ಮನೆಯ ತಿಂಡಿ. ನಾನು ಹೇಳಹೊರಟಿರುವ ವರ್ಷ ಡಬ್ಬಿಗಳು ನಲವತ್ತರ ಮೇಲಿದ್ದವು ಎಂದು ನನ್ನ ನೆನಪು. ಅಮ್ಮ ಮೂವತ್ತು ದಾಟಿರಲಿಲ್ಲ ಅನ್ನುತ್ತಾಳೆ. ನನ್ನ ನೆನಪಿಗೆ ಲೆಕ್ಕವನ್ನು ದೊಡ್ಡದು ಮಾಡುವ ಚಾಳಿಯಿದೆ, ಆದ್ದರಿಂದ ಓದುವವರು ನಡುವೆ ಎಲ್ಲೋ ಒಂದು ಕಡೆ ನಿಲ್ಲಬಹುದು.

ಕಮಲತ್ತೆ ಅಪ್ಪನ ಅಕ್ಕ. ಮದುವೆಯಾಗಿ ಎರಡು ವರ್ಷಕ್ಕೆ ಒಂದು ಟ್ರಂಕಿನೊಂದಿಗೆ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಯಾಕೆ ಎಂದು ನಮ್ಮ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ನಾನೂ ಕೇಳಲಿಲ್ಲ. ನಾನು ಕಣ್ಣು ಬಿಡುವ ಹೊತ್ತಿಗೆ ಅಡುಗೆಮನೆ ಅವಳದಾಗಿತ್ತು. ಅಮ್ಮ ವಿಶ್ವೇಶ್ವರಪುರದ ಒಂದು ಶಾಲೆಯಲ್ಲಿ ಟೀಚರ್. ಬೆಳಗ್ಗೆ ಎಂಟಕ್ಕೆ ಹೋದರೆ ಬರುವುದು ನಾಲ್ಕೂವರೆಗೆ. ಇಬ್ಬರಿಗೂ ಆ ಏರ್ಪಾಡು ಒಗ್ಗಿತ್ತು. ಅಡುಗೆಮನೆಯ ಉದ್ದಗೋಡೆಗೆ ಕಡಪಾಕಲ್ಲಿನ ಕಟ್ಟೆ, ಮೂಲೆಯಲ್ಲಿ ಎರಡು ಬರ್ನರಿನ ಗ್ಯಾಸ್ ಒಲೆ, ಹಿತ್ತಲ ಬಾಗಿಲ ಹತ್ತಿರ ನೆಲದ ಮೇಲೆ ದೊಡ್ಡ ಬಾಣಲೆಗೆಂದೇ ಇಟ್ಟ ಕಬ್ಬಿಣದ ಒಲೆ. ಆ ಒಲೆಯ ಮುಂದೆ ಒಂದಡಿ ಎತ್ತರದ ಮಣೆಯ ಮೇಲೆ ಕೂತಾಗ ಕಮಲತ್ತೆಯ ಬೆನ್ನು ನೆಟ್ಟಗಾಗುತ್ತಿತ್ತು. ಬೇರೆ ಹೊತ್ತಿನಲ್ಲಿ ಅವಳು ಸ್ವಲ್ಪ ಬಾಗಿ, ಗೋಡೆಯ ಅಂಚಿನಲ್ಲೇ ಓಡಾಡುತ್ತಿದ್ದಳು. ಆಗ ನನಗೆ ಹೀಗೆ ಕಂಡಿತ್ತೋ, ಈಗ ಬರೆಯುವಾಗ ಹೀಗೆ ಕಾಣುತ್ತಿದೆಯೋ, ಹೇಳಲಾರೆ.

ಶುರುವಾದದ್ದು ಪಕ್ಕದ ಮನೆಯ ಒಬ್ಬರಿಂದ. ಅವರಿಗೆ ಕೆಲಸ ಸಿಕ್ಕಿ, ಹಬ್ಬದ ಹಿಂದಿನ ದಿನವೂ ಆಫೀಸಿಗೆ ಹೋಗಬೇಕಾಗಿ ಬಂದು, ಡಬ್ಬಿ ತಂದು ಕೊಟ್ಟು ಸಂಕೋಚದಿಂದ ಕೇಳಿದರಂತೆ. ಮರುವರ್ಷ ನಾಲ್ಕು ಮನೆ, ಅದರ ಮರುವರ್ಷ ಹನ್ನೆರಡು. ಬೀದಿಯ ಹೆಂಗಸರು ಒಬ್ಬೊಬ್ಬರೇ ಬ್ಯಾಗು ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನಿಂತ ಹಾಗೆಲ್ಲ ನಮ್ಮ ಹಜಾರದಲ್ಲಿ ಡಬ್ಬಿ ಹೆಚ್ಚಾದವು. ಕಮಲತ್ತೆ ಇದನ್ನು ಆರ್ಡರ್ ಅನ್ನುತ್ತಲೇ ಇರಲಿಲ್ಲ. ಒಪ್ಪಿಕೊಂಡಿದ್ದೀನಿ ಅನ್ನುತ್ತಿದ್ದಳು. ಯಾರ ಮನೆಗೆ ಎಷ್ಟು ಸೇರು, ಯಾರ ಮನೆಯ ಮುದುಕರಿಗೆ ಖಾರ ಆಗದು, ಯಾರು ಇಂಗು ಮುಟ್ಟುವುದಿಲ್ಲ, ಯಾರಿಗೆ ಕೋಡುಬಳೆ ತುಸು ಕೆಂಪಗಾಗಬೇಕು, ಎಲ್ಲ ಅವಳ ತಲೆಯಲ್ಲಿ. ಒಂದು ಸಲ ನಾನು ನನ್ನ ರಫ್ ನೋಟ್‌ಬುಕ್ ಹಿಡಿದು, ಹೇಳು ಅತ್ತೆ, ನಾನು ಬರೆದುಕೊಳ್ಳುತ್ತೇನೆ ಎಂದಿದ್ದೆ. ಅವಳು ಹಿಟ್ಟಿನ ಕೈಯಿಂದಲೇ ನೋಟ್‌ಬುಕ್ಕನ್ನು ಆಚೆ ತಳ್ಳಿದಳು.

“ಬರ್ಕೊಂಡ್ರೆ ಅವ್ರು ಗಿರಾಕಿಗಳಾಗ್ಬಿಡ್ತಾರೆ ಸುಮಿ. ನಮ್ಮನೆಗೆ ಬರೋರು ಗಿರಾಕಿಗಳಲ್ಲ.”

ನಾನು ಹೇಳಹೊರಟ ವರ್ಷಕ್ಕೆ ಹಿಂದಿನ ವರ್ಷ ಆ ತಲೆ ಸಾಲದೇ ಹೋಗಿತ್ತು. ನೆನಪು ತಪ್ಪಿದ್ದಲ್ಲ, ಹೊತ್ತು ಸಾಲಲಿಲ್ಲ. ಅತ್ತೆಗೆ ಎರಡು ನಿಯಮಗಳಿದ್ದವು. ಹಬ್ಬಕ್ಕೆ ಮೂರು ದಿನಕ್ಕಿಂತ ಮೊದಲು ಕರಿದದ್ದು ಹಬ್ಬದ ತಿಂಡಿಯಲ್ಲ, ಇದು ಒಂದು. ಮೊದಲು ಬಂದವರಿಗೆ ಮೊದಲು, ಇದು ಎರಡನೆಯದು. ಬಾಗಿಲ ಪಕ್ಕದ ಡಬ್ಬಿಯಿಂದ ಶುರುಮಾಡಿ, ಆ ಮನೆಯ ಚಕ್ಕುಲಿ, ಆ ಮನೆಯ ಕೋಡುಬಳೆ, ಆ ಮನೆಯ ತೇಂಗೊಳಲು ಎಲ್ಲ ಮುಗಿಸಿ, ಮುಚ್ಚಳ ಹಾಕಿ, ಆಮೇಲೆ ಎರಡನೆಯ ಡಬ್ಬಿಗೆ ಕೈ ಹಾಕುವಳು. ಹನ್ನೆರಡು ಮನೆಯಿದ್ದಾಗ ಇದು ನಡೆಯುತ್ತಿತ್ತು. ಹಿಂದಿನ ವರ್ಷ ಹಬ್ಬದ ದಿನ ಮಧ್ಯಾಹ್ನಕ್ಕೂ ಕಿಟಕಿಯಡಿ ಆರು ಖಾಲಿ ಡಬ್ಬಿ ಉಳಿದವು. ಲಾಯರ ಮನೆಯ ಜಯಮ್ಮನವರು ಡಬ್ಬಿಗೆಂದು ಬಂದರು. ಅವರ ಮನೆಯಲ್ಲಿ ಹೊಸ ಬೀಗರು ಬಂದು ಕೂತಿದ್ದರಂತೆ. ಅವರು ಬೈಯಲಿಲ್ಲ. ಖಾಲಿ ಡಬ್ಬಿಯನ್ನು ಎತ್ತಿಕೊಂಡು, ಮುಚ್ಚಳ ಒಮ್ಮೆ ತೆಗೆದು ನೋಡಿ, ಮತ್ತೆ ಹಾಕಿ, ಮೆಟ್ಟಿಲಿಳಿದು ಹೋದರು. ಅಡುಗೆಮನೆಯಿಂದ ಎದ್ದು ಬಂದ ಅತ್ತೆ ಜರಡಿ ಹಿಡಿದುಕೊಂಡು ಕಂಬಿ ಬಾಗಿಲ ಹಿಂದೆ ನಿಂತಿದ್ದಳು. ಆಮೇಲೆ ಒಂದು ವಾರ ಅವಳು ಬೀದಿಗಿಳಿಯಲಿಲ್ಲ, ತರಕಾರಿಯವನ ಹತ್ತಿರವೂ ನನ್ನನ್ನೇ ಕಳಿಸುತ್ತಿದ್ದಳು.

ಅಪ್ಪ ಕೆಟ್ಟವರಲ್ಲ, ಹೆದರುವವರು. ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಜನ ಸಿಟ್ಟಾಗುವುದೆಂದರೆ ಏನು ಎಂಬುದು ಗೊತ್ತಿರುತ್ತದೆ. ಮರುವರ್ಷ ಮೊದಲ ಡಬ್ಬಿ ಬಂದ ದಿನ ರಾತ್ರಿಯೂಟಕ್ಕೆ ಕೂತಾಗ, ಮಜ್ಜಿಗೆ ಬಡಿಸುತ್ತಿದ್ದ ಅಕ್ಕನ ಮುಖ ನೋಡದೆ ಹೇಳಿದರು.

“ಈ ಸಲ ಒಂದು ಡಬ್ಬಿ ತಪ್ಪಿದ್ರೂ ಇದೇ ಕೊನೆ ಕಣಕ್ಕ. ಆ ಒಲೆ ತೆಗೆದು ಅಟ್ಟಕ್ಕೆ ಹಾಕ್ಬಿಡೋಣ. ನಿಂಗ್ಯಾಕೆ ಈ ಹಿಂಸೆ.”

ಅತ್ತೆ ಇನ್ನೊಂದು ಸೌಟು ಮಜ್ಜಿಗೆ ಹಾಕಿದಳು. ಒಲೆ ಅಟ್ಟಕ್ಕೆ ಹೋದರೆ ಅತ್ತೆ ಮತ್ತೆ ಗೋಡೆಯ ಅಂಚಿಗೆ ಹೋಗುತ್ತಾಳೆ ಎಂಬುದು ಹನ್ನೆರಡು ವರ್ಷದ ನನಗೂ ತಿಳಿದಿತ್ತು. ತಿಳಿದಿತ್ತೆ? ಅಥವಾ ನನಗೆ ಹೊಟ್ಟೆತುಂಬ ಮುರಿದ ಚಕ್ಕುಲಿ ಸಿಗುವುದು ನಿಲ್ಲುತ್ತದೆಂಬ ದುಃಖ ಮಾತ್ರವೆ? ಎರಡೂ ಇರಬೇಕು. ನಾನು ಆ ರಾತ್ರಿಯೇ ಇದನ್ನು ನಾನು ಸರಿಮಾಡುತ್ತೇನೆ ಎಂದು ತೀರ್ಮಾನಿಸಿದೆನೆಂಬುದು ಮಾತ್ರ ನಿಜ.

ಅದೇ ವಾರ ಒಂದು ಸೀಮಂತಕ್ಕೆ ಐದು ಮನೆಯವರ ಡಬ್ಬಿ ತುಂಬಿಕೊಡುವುದಿತ್ತು. ಭಾನುವಾರ. ಅಪ್ಪನ ಕೈಗಡಿಯಾರ ಕೇಳಿ ಪಡೆದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತೆ. ಅತ್ತೆ ಏನು ಮಾಡುತ್ತಾಳೋ ಅದನ್ನು, ಎಷ್ಟು ನಿಮಿಷವೆಂಬುದನ್ನು, ಬರೆಯುತ್ತ ಹೋದೆ. ಆ ಬೆಳಗಿನ ಉದ್ವೇಗ ನನಗೆ ಈಗಲೂ ಬೆರಳ ತುದಿಯಲ್ಲಿದೆ. ನಾನು ಅಂದುಕೊಂಡಿದ್ದದ್ದು, ಕರಿಯುವುದೇ ತಡ, ಎಣ್ಣೆ ನಿಧಾನ, ಬೆಂಕಿ ಸಾಲದು ಎಂದು. ನೋಡಿದರೆ ಬಾಣಲೆಯಲ್ಲಿ ತಿಂಡಿ ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚು! ಒಂದು ಮನೆಯ ಚಕ್ಕುಲಿ ಮುಗಿದ ಮೇಲೆ ಒತ್ತುವ ಒರಳಿನ ಬಿಲ್ಲೆ ಬಿಚ್ಚಿ, ತೊಳೆದು, ಒರೆಸಿ, ತೇಂಗೊಳಲಿನ ಬಿಲ್ಲೆ ಹಾಕಬೇಕು. ಅಷ್ಟರಲ್ಲಿ ಎಣ್ಣೆ ಕಾಯ್ದು ಹೊಗೆಯಾಡುತ್ತದೆ, ಒಲೆ ಸಣ್ಣ ಮಾಡಬೇಕು. ಸಣ್ಣ ಮಾಡಿದರೆ ಆರುತ್ತದೆ, ಮತ್ತೆ ಕಾಯಬೇಕು. ಮುಂದಿನ ಮನೆಗೆ ಮತ್ತೆ ಮೊದಲಿನ ಬಿಲ್ಲೆ. ಒಲೆ ಕೆಲಸ ಮಾಡುತ್ತಿರಲಿಲ್ಲ, ಕಾಯುತ್ತಿತ್ತು. ಅತ್ತೆ ಬೆವರು ಒರೆಸಿಕೊಳ್ಳುತ್ತ ಒಂದು ಕ್ಷಣವೂ ಸುಮ್ಮನೆ ಕೂರದಿದ್ದರೂ ಬಾಣಲೆ ಖಾಲಿ ಇತ್ತು. ಬಹಳ ವರ್ಷಗಳ ಮೇಲೆ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಕಾರ್ಖಾನೆಯ ಯಂತ್ರಗಳ ಬಗ್ಗೆ ಇದನ್ನೇ ಬೋರ್ಡಿನ ಮೇಲೆ ಬರೆದಾಗ ನನಗೆ ಎಣ್ಣೆಯ ವಾಸನೆ ಬಂತು. ಈಗ ಕಂಪನಿಗಳ ಗೋದಾಮುಗಳಿಗೆ ಹೋಗಿ ಆರ್ಡರುಗಳು ಯಾಕೆ ತಡವಾಗುತ್ತವೆ ಎಂದು ಹುಡುಕುವುದೇ ನನ್ನ ಉದ್ಯೋಗ. ಇವತ್ತಿಗೂ ಮೊದಲ ದಿನ ನಾನು ಒಂದು ಮೂಲೆಯಲ್ಲಿ ಗಡಿಯಾರ ಹಿಡಿದು ಕೂರುತ್ತೇನೆ.

ನೋಟ್‌ಬುಕ್ ತೋರಿಸಿ ಹೇಳಿದೆ: ಮನೆಮನೆಯಾಗಿ ಬೇಡ ಅತ್ತೆ, ತಿಂಡಿತಿಂಡಿಯಾಗಿ ಮಾಡೋಣ. ಎಲ್ಲ ಮನೆಯ ಚಕ್ಕುಲಿ ಒಂದೇ ಸಲ, ಆಮೇಲೆ ಎಲ್ಲ ಮನೆಯ ತೇಂಗೊಳಲು. ಬಿಲ್ಲೆ ದಿನಕ್ಕೆ ಒಂದೇ ಸಲ ಬದಲಾಯಿಸಿದರೆ ಸಾಕು. ಅವಳು ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಳು. ಒಬ್ಬರಿಗೆ ಖಾರ ಬೇಡ, ಒಬ್ಬರಿಗೆ ಇಂಗು ಬೇಡ, ಎಲ್ಲ ಒಂದೇ ರಾಶಿಯಾದರೆ ಯಾರದು ಯಾವುದು ಎಂದಳು. ಅವಳು ಹಿತ್ತಲಿಗೆ ಹೋಗಿ ಬಾಣಲೆ ತಿಕ್ಕತೊಡಗಿದಳು. ನನ್ನ ಯೋಜನೆ ಮುಗಿಯಿತು ಎಂದುಕೊಂಡೆ. ಹತ್ತು ನಿಮಿಷದ ಮೇಲೆ ಹುಣಿಸೆಹಣ್ಣಿನ ಕೈಯಲ್ಲೇ ಬಾಗಿಲಲ್ಲಿ ನಿಂತಳು.

“ಮೊದ್ಲು ಸಪ್ಪೆ. ಆಮೇಲೆ ಅದೇ ಹಿಟ್ಟಿಗೆ ಇಂಗು. ಕೊನೇಲಿ ಖಾರ. ಹಿಂಗೆ ಹೋಗ್ಬೋದು, ವಾಪಸ್ ಬರೋಕಾಗಲ್ಲ. ನಡುವೆ ಒಂದ್ಸಲನೂ ಪಾತ್ರೆ ತೊಳೀಬೇಕಾಗಿಲ್ಲ ನೋಡು.”

ನಾನು ಕುಣಿದೆ, ನಿಜವಾಗಿಯೂ ಕುಣಿದೆ. ಅವಳ ಮುಖದಲ್ಲೂ ನಾನು ಹಿಂದೆಂದೂ ನೋಡಿರದ ಒಂದು ತುಂಟತನ ಬಂದಿತ್ತು. ಬಣ್ಣದ ಕಾರ್ಖಾನೆಗಳಲ್ಲಿ ಬಿಳಿಯಿಂದ ಶುರುಮಾಡಿ ಕಪ್ಪಿಗೆ ಮುಗಿಸುತ್ತಾರೆಂದು ಆಮೇಲೆ ಓದಿದೆ. ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಜಾಣತನದ ಮಾತು ಅದೇ, ಅದು ನನ್ನದಲ್ಲ ಎಂಬುದು ಇಲ್ಲಿ ದಾಖಲಾಗಲಿ. ನನ್ನ ಸರದಿ ಬಂದಾಗ ನಾನು ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕು.

ಹಬ್ಬ ಗುರುವಾರ. ಸೋಮವಾರ ಬೆಳಗ್ಗೆ ಬಾಣಲೆ ಏರಬೇಕು. ಭಾನುವಾರ ಮಧ್ಯಾಹ್ನ ಊಟವಾಗಿ ಅತ್ತೆ ಚಾಪೆಯ ಮೇಲೆ ಒರಗಿದಳು, ಅಮ್ಮ ಅಪ್ಪ ಒಂದು ನಾಮಕರಣಕ್ಕೆ ಹೋಗಿದ್ದರು. ತಿಂಡಿತಿಂಡಿಯಾಗಿ ಕರಿದರೆ ಕೊನೆಯಲ್ಲಿ ಎಲ್ಲ ಡಬ್ಬಿಗೂ ಹಂಚಬೇಕಲ್ಲ, ಆಗ ಯಾವ ಡಬ್ಬಿ ಯಾರದೆಂದು ಥಟ್ಟನೆ ಗೊತ್ತಾಗಬೇಕಲ್ಲ ಎಂದು ನನಗೆ ಹೊಳೆಯಿತು. ಅತ್ತೆ ಬರೆದುಕೊಳ್ಳಬೇಡ ಅಂದಿದ್ದಳು. ಆದರೆ ಡಬ್ಬಿಗಳ ಮೇಲೆಯೇ ಹೆಸರುಗಳಿದ್ದವು! ನಮ್ಮ ಕಡೆ ಪಾತ್ರೆ ಕೊಂಡ ಕೂಡಲೇ ಅಂಗಡಿಯಲ್ಲೇ ಚುಕ್ಕೆಚುಕ್ಕೆಯಾಗಿ ಹೆಸರು ಕೆತ್ತಿಸುತ್ತಾರೆ. ನಾನು ಲೇಬಲ್ ಹಾಳೆ ಕತ್ತರಿಸಿ, ಪ್ರತಿ ಡಬ್ಬಿಯ ಹೆಸರನ್ನೂ ದುಂಡಗೆ ಬರೆದು, ಮೈದಾ ಅಂಟಿನಿಂದ ಮುಚ್ಚಳಕ್ಕೆ ಅಂಟಿಸಿದೆ. ಹೆಸರಿಲ್ಲದವಕ್ಕೆ ಒಂದು, ಎರಡು ಎಂದು ನಂಬರು. ಆಮೇಲೆ ಹುಡುಕಲು ಸುಲಭವಾಗಲೆಂದು ಅಷ್ಟೂ ಡಬ್ಬಿಗಳನ್ನು ಎತ್ತಿ ಅ, ಆ, ಇ, ಈ ಕ್ರಮದಲ್ಲಿ ಮತ್ತೆ ಜೋಡಿಸಿದೆ. ಅನಸೂಯಮ್ಮ ಬಾಗಿಲ ಪಕ್ಕ, ಹನುಮಕ್ಕ ಕಿಟಕಿಯಡಿ. ಬೆವತುಹೋಗಿದ್ದೆ. ಗೋಡೆಗೊರಗಿ ಕೂತು ನನ್ನ ಕೆಲಸವನ್ನು ನೋಡಿಕೊಂಡಾಗ ಶಾಲೆಯ ಲೈಬ್ರರಿಗಿಂತ ಚೆನ್ನಾಗಿದೆ ಅನ್ನಿಸಿತು.

ಅತ್ತೆ ಎದ್ದು ಕಾಫಿಗೆ ನೀರಿಡಲು ಹೋಗುತ್ತ ಹಜಾರದ ಕಡೆ ನೋಡಿದಳು. ನಿಂತಳು. ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಕಣ್ಣು ಹಾಯಿಸಿದಳು. ಗೋಡೆಯ ಅಂಚಿಗೆ ಕೈ ಚಾಚಿ ಹಿಡಿದುಕೊಂಡಳು.

“ಸುಮಿ, ಏನ್ ಮಾಡ್ಬಿಟ್ಟೆ ನೀನು.”

ಕೋಪದಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಡಬ್ಬಿಯ ಮೇಲಿನ ಹೆಸರು ಡಬ್ಬಿಯ ಮನೆಯ ಹೆಸರಲ್ಲ ಎಂಬುದನ್ನು ಅವಳು ಒಂದೊಂದೇ ಡಬ್ಬಿ ಮುಟ್ಟಿ ನನಗೆ ತೋರಿಸಿದಳು. ರುಕ್ಮಿಣಮ್ಮ ಸತ್ತು ಆರು ವರ್ಷವಾಗಿದೆ, ಡಬ್ಬಿ ಅವರ ಸೊಸೆಯದು. ಅನಸೂಯಮ್ಮ ಇರುವುದು ಮೈಸೂರಿನಲ್ಲಿ, ಮಗಳಿಗೆ ಮದುವೆಯಲ್ಲಿ ಕೊಟ್ಟ ಡಬ್ಬಿ. ವೆಂಕಟಲಕ್ಷ್ಮಮ್ಮ ಎಂಬ ಹೆಸರಿನವು ಮೂರಿದ್ದವು. ನಾನು ಮೂರನ್ನೂ ಒಂದೇ ಮನೆಯವೆಂದು ಒಟ್ಟಿಗೆ ಇಟ್ಟಿದ್ದೆ. ಆ ಮಹಾತಾಯಿ ಮೂರು ಜನ ತಂಗಿಯರ ಮಕ್ಕಳಿಗೆ ಒಂದೇ ಅಂಗಡಿಯಿಂದ ಒಂದೇ ಥರದ ಡಬ್ಬಿ ಉಡುಗೊರೆ ಕೊಟ್ಟಿದ್ದರಂತೆ, ಮೂವರೂ ಬೇರೆ ಬೇರೆ ಬೀದಿಯಲ್ಲಿದ್ದರು. ನಮ್ಮ ಹೆಂಗಸರ ಪಾತ್ರೆಗಳ ಮೇಲೆ ಕೊಟ್ಟವರ ಹೆಸರಿರುತ್ತದೆ, ಸತ್ತವರ ಹೆಸರಿರುತ್ತದೆ, ಇಟ್ಟುಕೊಂಡವರ ಹೆಸರು ಮಾತ್ರ ಅಪರೂಪ. ಅತ್ತೆ ಯಾವತ್ತೂ ಹೆಸರು ಓದಿದವಳೇ ಅಲ್ಲ. ನೆಗ್ಗು, ಹಿಡಿ, ಮುಚ್ಚಳದ ಬಿಗಿ ನೋಡಿ ಗುರುತು ಹಿಡಿಯುತ್ತಿದ್ದಳು. ಒಂದೇ ಥರದವನ್ನು ಇಟ್ಟ ಜಾಗದಿಂದ ಗುರುತಿಸುತ್ತಿದ್ದಳು. ಯಾರ ಪಕ್ಕ ಯಾರು ಬಂದರು ಎಂಬ ಸಾಲೇ ಅವಳ ಪುಸ್ತಕ. ಆ ಪುಸ್ತಕದ ಹಾಳೆಗಳನ್ನು ಕಿತ್ತು ನಾನು ಅಕಾರಾದಿಯಾಗಿ ಜೋಡಿಸಿದ್ದೆ.

ನಾನು ಅತ್ತುಬಿಟ್ಟೆ ಅಂದರೆ ಸುಳ್ಳಾಗುತ್ತದೆ. ಮೈದಾ ಅಂಟಿನ ಬಟ್ಟಲು ಹಿಡಿದು ನಿಂತಿದ್ದೆ. ಅಪ್ಪನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಒಂದು ಡಬ್ಬಿ ತಪ್ಪಿದರೂ ಕೊನೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತಳು. ಒಂದೊಂದು ಡಬ್ಬಿ ತೊಡೆಯ ಮೇಲಿಟ್ಟು ತಿರುಗಿಸಿ, ತಳ ಸವರಿ, ಮುಚ್ಚಳ ತೆಗೆದು ಮೂಸಿ ನೋಡಿ, ಇದು ಜಯಮ್ಮನದು, ಇದು ಮೂಲೆಮನೆಯದು ಎಂದು ಹೇಳುತ್ತ ಹೋದಳು. ನನಗೆ ಆಶ್ಚರ್ಯವಾಗುವಂತೆ, ನನ್ನ ಕಡೆ ನೋಡದೆಯೇ, ಬರ್ಕೋ ಎಂದಳು. ನಾನು ಹಳೆಯ ಲೇಬಲ್ ಕಿತ್ತು ಹೊಸದು ಅಂಟಿಸಿದೆ: ಮನೆಯ ಗುರುತು, ಎಷ್ಟು ಸೇರು, ಖಾರವೋ ಸಪ್ಪೆಯೋ. ಕೊನೆಗೆ ಹನ್ನೊಂದು ಡಬ್ಬಿ ಉಳಿದವು. ಎಲ್ಲ ಒಂದೇ ಅಂಗಡಿಯವು, ಒಂದೇ ಅಳತೆ, ಒಂದೇ ಹೊಳಪು. ಅವಳು ಎಷ್ಟು ತಿರುಗಿಸಿದರೂ ಅವು ಬಾಯಿ ಬಿಡಲಿಲ್ಲ.

ಹನ್ನೊಂದು ಮನೆಗಳು ಯಾವುವೆಂದು ಗೊತ್ತಿತ್ತು, ಯಾವ ಡಬ್ಬಿ ಯಾವ ಮನೆಯದೆಂದು ಗೊತ್ತಿರಲಿಲ್ಲ. ಡಬ್ಬಿ ಕಲೆಸಿಹೋಗಿದೆ ಎಂದು ಹೋಗಿ ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ಅಪ್ಪನಿಗೂ. ಅತ್ತೆ ಎದ್ದು ಮುಖ ತೊಳೆದು, ಹಸಿರಂಚಿನ ಸೀರೆ ಉಟ್ಟು ಬಂದಳು. ಹನ್ನೊಂದು ಡಬ್ಬಿಗಳನ್ನು ನಾಲ್ಕು ಬಟ್ಟೆಚೀಲಕ್ಕೆ ತುಂಬಿ ನನಗೆರಡು ಹೊರಿಸಿದಳು. ನಾನು ಪ್ರತಿ ಮನೆಯ ಗೇಟಿನಲ್ಲಿ ಚೀಲದ ಬಾಯಿ ತೆರೆದು ನಿಲ್ಲಬೇಕು. ಅವಳು ಒಳಗೆ ಹೋಗಿ, ಈ ಸಲ ನಿಮ್ಮ ಮನೆಯಲ್ಲಿ ಹಬ್ಬ ಯಾವತ್ತು, ಡಬ್ಬಿ ಇಷ್ಟು ದೊಡ್ಡದು ಸಾಕಾ, ಹುಡುಗಿ ತಂದಿದ್ದಾಳೆ ಒಂದು ಸಲ ನೋಡಿಬಿಡಿ ಎಂದು ಕೇಳುವುದು. ನೋಡಲು ಬಂದವರು ತಮ್ಮದನ್ನು ತಾವೇ ತೋರಿಸಿಬಿಡುತ್ತಾರೆ. ಹಬ್ಬ ಯಾವತ್ತು ಎಂಬ ಪ್ರಶ್ನೆ ಬರೀ ನೆಪ. ಅಷ್ಟಮಿ ತಿಥಿ ಹಿಡಿಯುವವರಿಗೆ ಒಂದು ದಿನ, ರೋಹಿಣಿ ನಕ್ಷತ್ರ ನೋಡುವವರಿಗೆ ಇನ್ನೊಂದು ದಿನ, ಇದು ನಮ್ಮ ಬೀದಿಗಳಲ್ಲಿ ಹಾಲಿನವನಿಗೂ ಗೊತ್ತಿದ್ದ ಸಂಗತಿ. ಅತ್ತೆಗೆ ಗೊತ್ತಿರಲಿಲ್ಲವೆ!

ನಾಲ್ಕೂವರೆಗೆ ಹೊರಟೆವು. ಮೊದಲ ಮನೆಯಲ್ಲೇ ಉಪಾಯ ಫಲಿಸಿತು. ಆಕೆ ಗೇಟಿಗೆ ಬಂದು ಚೀಲದೊಳಗೆ ಇಣುಕಿ, ಸರಕ್ಕನೆ ಒಂದನ್ನು ಎತ್ತಿ, ಇದಕ್ಕೇ ತುಂಬ ಹಾಕಿ ಕಮಲಮ್ಮ, ತಲೆ ಕೆಡಿಸ್ಕೋಬೇಡಿ ಎಂದಳು. ಆಕೆಗೆ ಹೇಗೆ ಗೊತ್ತಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ತಮ್ಮ ಪಾತ್ರೆಯನ್ನು ಗುರುತಿಸದ ಹೆಂಗಸು ನಮ್ಮ ಬೀದಿಯಲ್ಲಿರಲಿಲ್ಲ. ಎರಡು, ಮೂರು, ನಾಲ್ಕು ಮನೆ. ನನ್ನ ಮನಸ್ಸು ಹಗುರಾಗುತ್ತ ಬಂತು, ಕಾಲು ಓಡತೊಡಗಿತು. ತುದಿಯ ಬೀದಿಯ ಅಲಮೇಲಮ್ಮನವರು ಡಬ್ಬಿ ತೋರಿಸಿದ ಮೇಲೆ ಗೇಟಿಗೆ ಒರಗಿ ನಗುತ್ತ ಅತ್ತೆಗೆ ಹೇಳಿದರು.

“ನಮ್ದು ಶುಕ್ರವಾರ ಅಲ್ವೇ. ಪ್ರತಿ ವರ್ಷ ನೀವು ಎಲ್ರಿಗಿಂತ ಮುಂಚೆ ನಮ್ಗೇ ಕಳಿಸ್ಬಿಡ್ತೀರಿ. ಎರಡು ದಿನ ಮೊಮ್ಮಕ್ಕಳಿಂದ ಬಚ್ಚಿಡೋದೇ ನಂಗೊಂದು ಕೆಲ್ಸ.”

ಅತ್ತೆ ನಕ್ಕಳು, ಎರಡು ಹೆಜ್ಜೆ ನಡೆದಳು, ರಸ್ತೆಯ ನಡುವೆ ನಿಂತುಬಿಟ್ಟಳು. ಅಲಮೇಲಮ್ಮ ಎಲ್ಲರಿಗಿಂತ ಮೊದಲು ಡಬ್ಬಿ ತರುವವರು. ಆದ್ದರಿಂದ ಅವರಿಗೆ ಮೊದಲು. ಜಯಮ್ಮ ಹಿಂದಿನ ವರ್ಷ ಕೊನೆಗೆ ತಂದವರು, ಆದ್ದರಿಂದ ಕೊನೆಗೆ. ಅಲಮೇಲಮ್ಮನ ಹಬ್ಬ ಶುಕ್ರವಾರ, ಜಯಮ್ಮನದು ಗುರುವಾರ. ಮುಂದಿನ ಮಾತು ಯಾರು ಆಡಿದರು ಎಂಬಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ನಾನೇ ಆಡಿದೆನೆಂದು ಎಷ್ಟೋ ಕಂಪನಿಗಳ ಸಭೆಯಲ್ಲಿ ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ. ಅಮ್ಮನ ಪ್ರಕಾರ ಅತ್ತೆ ಆ ರಾತ್ರಿಯೇ ಅಮ್ಮನಿಗೆ ಅದನ್ನು ತನ್ನ ಮಾತೆಂದೇ ಹೇಳಿದಳು. ಯಾರ ಬಾಯಲ್ಲಿ ಬಂತೋ, ಮಾತು ಇಷ್ಟು:

“ನಾಳೆ ಬೇಕಾದೋರಿಗೆ ಇವತ್ತು ಕೊಟ್ಟು, ಇವತ್ತು ಬೇಕಾದೋರನ್ನ ಬಾಗಿಲಲ್ಲಿ ನಿಲ್ಲಿಸಿದ್ವಲ್ಲ.”

ಮೊದಲು ಬಂದವರಿಗೆ ಮೊದಲು ಎಂಬುದು ಅವಳಿಗೆ ಬರೀ ಕ್ರಮವಾಗಿರಲಿಲ್ಲ, ಮರ್ಯಾದೆಯಾಗಿತ್ತು. ಅದನ್ನು ಬಿಡಲು ಅವಳಿಗೆ ಎಷ್ಟು ಹೊತ್ತು ಬೇಕಾಯಿತು? ಆ ಬೀದಿಯ ತುದಿಯಿಂದ ಮುಂದಿನ ಬೀದಿಯ ಮೊದಲ ಗೇಟಿನವರೆಗೆ. ಅಲ್ಲಿಂದ ಮುಂದೆ ಹಬ್ಬ ಯಾವತ್ತು ಎಂಬ ಪ್ರಶ್ನೆಯನ್ನು ಅವಳು ನೆಪಕ್ಕೆ ಕೇಳಲಿಲ್ಲ. ನಾನು ಗೇಟಿನಲ್ಲಿ ನಿಂತಿರುತ್ತಿದ್ದೆ, ಅವಳು ಒಳಗೆ ಮೊದಲಿಗಿಂತ ಹೆಚ್ಚು ಹೊತ್ತು ಇರುತ್ತಿದ್ದಳು, ಹೊರಗೆ ಬಂದು ಗುರು ಅಥವಾ ಶುಕ್ರ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು, ನಾನು ಡಬ್ಬಿಯ ಮೇಲೆ ಗೀಚುತ್ತಿದ್ದೆ. ಹನ್ನೊಂದೂ ಮುಗಿದವು. ಅತ್ತೆ ನಿಲ್ಲಲಿಲ್ಲ. ಡಬ್ಬಿಯ ಗುರುತು ಸಿಕ್ಕ ಮನೆಗಳಿಗೂ ಹೋದಳು. ಬೀದಿದೀಪ ಹತ್ತುವ ಹೊತ್ತಿಗೆ ಮನೆ ಸೇರಿ ಬೆಂಚಿನ ಮೇಲೆ ಡಬ್ಬಿಗಳನ್ನು ಎರಡು ಗುಂಪು ಮಾಡಿದಾಗ, ಶುಕ್ರವಾರದ ಗುಂಪು ಹೆಚ್ಚುಕಡಿಮೆ ಅರ್ಧ! ಮೂರು ದಿನದ ಕೆಲಸಕ್ಕೆ ನಾಲ್ಕನೆಯ ದಿನ ಸಿಕ್ಕಿತ್ತು, ಅದೂ ಅತ್ತೆಯ ಮೂರು ದಿನದ ನಿಯಮ ಮುರಿಯದೆ. ಕ್ಯಾಲೆಂಡರಿನಲ್ಲಿ ಯಾರೋ ಒಂದು ದಿನ ಬಚ್ಚಿಟ್ಟು ನಮಗೆ ಮಾತ್ರ ತೋರಿಸಿದ ಹಾಗಿತ್ತು. ಅಪ್ಪ ನಾಮಕರಣದಿಂದ ಬಂದು, ಎರಡು ಗುಂಪು, ಮೈದಾ ಅಂಟು, ನನ್ನ ಮುಖ ಎಲ್ಲ ನೋಡಿ ಒಳಗೆ ಹೋದರು.

ಆ ನಾಲ್ಕು ದಿನ ಮನೆ ಗಾಣದ ಹಾಗೆ ತಿರುಗಿತು. ಬೆಳಗ್ಗೆ ಸಪ್ಪೆ, ಹತ್ತರ ಮೇಲೆ ಇಂಗು, ಮಧ್ಯಾಹ್ನ ಖಾರ. ಬಾಣಲೆ ಒಂದು ಗಳಿಗೆಯೂ ಖಾಲಿ ಇರಲಿಲ್ಲ. ನಾನು ಶಾಲೆಯಿಂದ ಬಂದವಳೇ ಗುರುವಾರದ ಡಬ್ಬಿಗಳಿಗೆ ಎಣಿಸಿ ಹಾಕುವುದು, ಅಮ್ಮ ಸೀರೆಯೂ ಬದಲಿಸದೆ ಕೋಡುಬಳೆ ಹೊಸೆಯಲು ಕೂರುವುದು. ಅತ್ತಿಗೆ ನಾದಿನಿಯರು ಅಷ್ಟು ಜೋರಾಗಿ ನಗುವುದನ್ನು ನಾನು ಮೊದಲ ಸಲ ಕೇಳಿದ್ದು ಆಗ. ಜಗಳವೂ ಆಯಿತು. ಅಮ್ಮ ಹೊಸೆದ ಕೋಡುಬಳೆ ದಪ್ಪವಾಯಿತೆಂದು ಅತ್ತೆ ಅಂದದ್ದಕ್ಕೆ, ನಾನು ಮಕ್ಕಳ ಅಕ್ಷರ ತಿದ್ದೋಳು, ನನ್ನ ಕೈ ತಿದ್ದಬೇಡಿ ಎಂದು ಅಮ್ಮ ಎದ್ದುಹೋಗಿ, ಐದು ನಿಮಿಷದಲ್ಲಿ ವಾಪಸು ಬಂದು ಕೂತಳು. ಗುರುವಾರ ಹನ್ನೊಂದು ಗಂಟೆಗೆ ಅಂದಿನ ಗುಂಪಿನ ಕೊನೆಯ ಡಬ್ಬಿಗೆ ಮುಚ್ಚಳ ಬಿತ್ತು. ಜಯಮ್ಮನವರ ಮನೆಗೆ ಅತ್ತೆ ನನ್ನನ್ನು ಕಳಿಸದೆ ತಾನೇ ಹೋದಳು. ಹೋಗಿ ಬಂದವಳೇ ಒಂದು ಲೋಟ ನೀರು ಕುಡಿದು ಶುಕ್ರವಾರದ ಹಿಟ್ಟು ಕಲಸಿದಳು.

ಶುಕ್ರವಾರ ಅಪ್ಪ ಬ್ಯಾಂಕಿನಿಂದ ಬೇಗ ಬಂದರು. ಹಜಾರದಲ್ಲಿ ಒಂದು ಡಬ್ಬಿಯೂ ಇರಲಿಲ್ಲ. ಅವರು ಬೆಂಚಿನ ಮೇಲೆ ಕೂತು ಷೂ ಬಿಚ್ಚಿದರು, ಎರಡನ್ನೂ ಜೋಡಿಸಿ ಇಟ್ಟರು, ಗಂಟಲು ಸರಿಮಾಡಿಕೊಂಡರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ತೀರ್ಪು ಏನೆಂದು ಅವರು ಹೇಳುವ ಮೊದಲೇ ಅತ್ತೆ ಅಡುಗೆಮನೆಯಿಂದ ಬಂದು ಅವರ ಕೈಗೆ ಕಾಫಿ ಲೋಟ ಕೊಟ್ಟು ಎದುರಿಗೆ ನಿಂತಳು, ಹಜಾರದ ನಟ್ಟನಡುವೆ.

“ಭಾನುವಾರ ಹೋಗಿದ್ನಲ್ಲ, ಆಗ್ಲೇ ಹದಿನಾಲ್ಕು ಮನೆಗೆ ಗೌರಿ ಹಬ್ಬಕ್ಕೂ ಕೇಳಿದ್ರು. ಆಗತ್ತೆ ಅಂದ್ಬಿಟ್ಟಿದೀನಿ. ಅದ್ರಲ್ಲಿ ಆರು ಅವ್ರ ನೆಂಟರ ಮನೆ, ಗಾಂಧಿ ಬಜಾರಿಂದಾಚೆ ಇದೆ ಕಣೋ, ನಂಗೆ ನಡೆಯಕ್ಕಾಗಲ್ಲ. ನಿನ್ನ ಸ್ಕೂಟರ್ ಬೇಕು.”

ಭಾನುವಾರ. ಇನ್ನೂ ಒಂದು ಚಕ್ಕುಲಿಯೂ ಕರಿದಿರದಿದ್ದ ಹೊತ್ತಿನಲ್ಲಿ, ಒಲೆ ಉಳಿಯುತ್ತದೋ ಇಲ್ಲವೋ ತಿಳಿಯದಿದ್ದ ಹೊತ್ತಿನಲ್ಲಿ, ನಾನು ಗೇಟಿನಲ್ಲಿ ಚೀಲ ಹಿಡಿದು ನಿಂತಿದ್ದಾಗ ಅವಳು ಒಳಗೆ ಕೂತು ಮುಂದಿನ ಹಬ್ಬವನ್ನು ಒಪ್ಪಿಕೊಳ್ಳುತ್ತಿದ್ದಳು. ಅಪ್ಪ ಕಾಫಿ ಕುಡಿದು ಮುಗಿಸಿ, ಲೋಟ ಬೆಂಚಿನ ಮೇಲಿಟ್ಟು, ಬರಿಗಾಲಲ್ಲೇ ಮೆಟ್ಟಿಲಿಳಿದು ಹೊರಗೆ ಹೋದರು. ಸಿಟ್ಟಾದರು ಎಂದುಕೊಂಡು ನಾನು ಕಿಟಕಿಗೆ ಓಡಿದೆ. ಅವರು ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೀಟಿಗೂ ಮುಂದಿನ ತಗಡಿಗೂ ನಡುವಿನ ಜಾಗವನ್ನು ಗೇಣಿನಿಂದ ಅಳೆಯುತ್ತಿದ್ದರು. ಒಂದು ಗೇಣು, ಎರಡು ಗೇಣು, ಆಮೇಲೆ ನಾಲ್ಕು ಬೆರಳು. ಮತ್ತೆ ಮೊದಲಿನಿಂದ ಅಳೆದರು. ತಲೆಯೆತ್ತದೆ ಒಳಗೆ ಕೂಗಿ ಕೇಳಿದರು.

“ಅಕ್ಕಾ, ದೊಡ್ಡ ಡಬ್ಬಿ ಎಷ್ಟು ಅಗಲ ಇರತ್ತೆ?”